ಮುಚ್ಚಿದ ಸೀಸೆಯೊಳಗಿನ ಹರಳು

ಇದನ್ನು ಹೇಳುವುದನ್ನು ನಾನು ಬಹಳ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಎರಡು ಸಲ ಕಾಗದ ತೆಗೆದುಕೊಂಡು ಕೂತು, ನಾಲ್ಕು ಸಾಲು ಬರೆದು, ಹರಿದು ಹಾಕಿದ್ದೇನೆ. ಹೇಳಲು ಹೊರಟರೆ ಮೊದಲು ವಿಚಿತ್ರವಾದದ್ದನ್ನು ಹೇಳಬೇಕು ಅನ್ನಿಸುತ್ತದೆ. ಆದರೆ ಅದಕ್ಕಿಂತ ಮುಂಚೆ ನಾನು ಮಾಡಿದ ಕೆಲಸವನ್ನು ಹೇಳದೆ ದಾರಿಯಿಲ್ಲ. ಅಲ್ಲಿಗೆ ಬಂದ ಕೂಡಲೇ ಕೈ ನಿಲ್ಲುತ್ತಿತ್ತು.

ಇಂಥ ಸಂಗತಿಗಳನ್ನು ನಂಬುವ ಮನುಷ್ಯ ನಾನಲ್ಲ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಇಪ್ಪತ್ತೆರಡು ವರ್ಷ ದುಡಿದಿದ್ದೇನೆ. ಹೊಸ ರಿಯಾಕ್ಟರ್ ಬಂದರೆ ಅದಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವವರನ್ನು ಕಂಡು ನಗುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿದವನು ನಾನು. ದೊಡ್ಡ ವಿದ್ಯೆ ಇಲ್ಲ. ಆದರೂ ಪ್ರಯೋಗಾಲಯದಲ್ಲಿ ನಿಂತು ನಿಂತು, ಯಾವುದಕ್ಕೂ ಒಂದು ಕಾರಣ ಇರುತ್ತದೆ ಎಂಬುದನ್ನು ಕಲಿತಿದ್ದೆ.

ನಮ್ಮದು ಸಣ್ಣ ಘಟಕ. ಔಷಧಿ ಮಾರುವುದಲ್ಲ, ಔಷಧಿಯ ಸಂಶೋಧನೆಗೆ ಬೇಕಾದ ಅಣುಗಳನ್ನು ತಯಾರಿಸಿ ಕೊಡುವುದು ನಮ್ಮ ಕೆಲಸ. ಯಾವುದೋ ಊರಿನ ಸಂಶೋಧಕರು ಕಾಗದದ ಮೇಲೆ ಒಂದು ಅಣುವಿನ ಚಿತ್ರ ಬರೆದು ಕಳಿಸುತ್ತಿದ್ದರು. ನಮ್ಮ ಸರ್ ಅದನ್ನು ನಾಲ್ಕು ಗ್ರಾಮೋ ಹತ್ತು ಗ್ರಾಮೋ ಮಾಡಿ ಕೊಡುತ್ತಿದ್ದರು. ಅವರು ಅದನ್ನು ಇಲಿಗಳ ಮೇಲೆ, ಆಮೇಲೆ ಎಲ್ಲ ಸರಿಹೋದರೆ ರೋಗಿಗಳ ಮೇಲೆ ಪರೀಕ್ಷೆ ಮಾಡುತ್ತಿದ್ದರು. ನಾನು ಸರ್ ಅವರ ಸಹಾಯಕ. ಬಸವಕಲ್ಯಾಣದಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಐದೂ ಕಾಲಿನ ಬಸ್ಸಿಗೆ ಬರುತ್ತಿದ್ದೆ.

ಗಾಜಿನ ಸಾಮಾನು ತೊಳೆಯಲು ಒಬ್ಬ ಹೆಣ್ಣುಮಗಳಿದ್ದಳು. ಹೆಂಗಸರನ್ನು ಕರೆಯುವ ಮರಾಠಿ ರೂಢಿಯಂತೆ ಎಲ್ಲರೂ ಬಾಯಿ ಎಂದೇ ಕರೆಯುತ್ತಿದ್ದೆವು. ಮುಡಬಿಯವಳು, ಹುಮನಾಬಾದಿನಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು ಇದ್ದಳು. ಬೆಳಿಗ್ಗೆ ಬಂದವಳೇ ಎಲ್ಲರಿಗೂ ಜೈಭೀಮ್ ಹೇಳಿ ಸೆರಗು ಸಿಗಿಸಿ ಬೇಸಿನ್ನಿನ ಮುಂದೆ ನಿಲ್ಲುತ್ತಿದ್ದಳು. ಸೋಪಿನಲ್ಲಿ ಒಮ್ಮೆ, ನೀರಿನಲ್ಲಿ ಒಮ್ಮೆ, ಆಮೇಲೆ ಅಸಿಟೋನಿನಲ್ಲಿ ಮೂರು ಸಲ. ತೊಳೆದ ಪ್ರತಿ ಫ್ಲಾಸ್ಕನ್ನೂ ಕುತ್ತಿಗೆ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡುವುದು ಅವಳ ರೂಢಿ. ನಾಲಿಗೆ ಚುರುಕು. ದ್ರಾವಣ ಹರಳುಗಟ್ಟಲಿಲ್ಲ ಎಂದು ಸರ್ ತಲೆ ಹಿಡಿದು ಕೂತಿದ್ದರೆ, ಇದಕ್ಕಿಂತ ನಮ್ಮ ಹೊಲದ ಆಲೆಮನೆ ಪಾಕ ಲಗೂ ಗಟ್ಟಿ ಆಗ್ತದ ಎಂದು ಚುಚ್ಚುತ್ತಿದ್ದಳು. ಸರ್ ಆಂಧ್ರದ ಕಡೆಯವರು. ಅರ್ಧ ಅರ್ಥವಾಗಿ ನಗುತ್ತಿದ್ದರು.

ಆ ವರ್ಷ ನಮ್ಮ ಕೈಯಲ್ಲಿದ್ದದ್ದು ಮೂರ್ಛೆರೋಗದ ಸಂಶೋಧನೆಗೆ ಸೇರಿದ ಒಂದು ಅಣು. ಅದು ಎರಡು ಬಗೆಯಲ್ಲಿ ಹರಳುಗಟ್ಟುತ್ತಿತ್ತು. ಒಂದು ತೆಳ್ಳನೆಯ ಹಾಳೆಗಳ ಹಾಗೆ, ಇನ್ನೊಂದು ಸೂಜಿಗಳ ಹಾಗೆ. ಅಣು ಒಂದೇ, ಕೂಡುವ ರೀತಿ ಬೇರೆ. ಸರ್ ನನಗೆ ಕಿಟಕಿಯಾಚೆಯ ಜೋಳದ ದಂಟಿನ ಬಣವಿ ತೋರಿಸಿ ಹೇಳಿದ್ದರು: ಕಣಿಕೆ ಅದೇ, ಒಬ್ಬ ಒಟ್ಟಿದರೆ ಮಳೆ ಒಳಗೆ ಇಳಿಯುತ್ತದೆ, ಇನ್ನೊಬ್ಬ ಒಟ್ಟಿದರೆ ಇಳಿಯುವುದಿಲ್ಲ. ಹಾಳೆಯ ಬಗೆ ಹೊಟ್ಟೆಯಲ್ಲಿ ಕರಗುತ್ತದೆ, ಔಷಧಿಯಾಗಬಹುದು. ಸೂಜಿಯ ಬಗೆ ಕರಗುವುದೇ ಇಲ್ಲ, ಮರಳು ನುಂಗಿದ ಹಾಗೆ. ಇನ್ನೊಂದು ಮಾತನ್ನೂ ಹೇಳಿದ್ದರು. ಸೂಜಿಯ ಒಂದು ಕಣ, ಕಣ್ಣಿಗೆ ಕಾಣದಷ್ಟು, ದ್ರಾವಣಕ್ಕೆ ಬಿದ್ದರೆ ಸಾಕು. ಇಡೀ ಪಾತ್ರೆ ಸೂಜಿಯಾಗುತ್ತದೆ.

ಹರಳು ಕೂಡದೆ ಹಟ ಮಾಡಿದರೆ ಫ್ಲಾಸ್ಕಿನ ಒಳಗೋಡೆಯನ್ನು ಗಾಜಿನ ಕಡ್ಡಿಯಿಂದ ಗೀರಬೇಕು. ಗೀರಿದ ಜಾಗದಲ್ಲಿ ಹರಳು ಹುಟ್ಟುತ್ತದೆ. ಪ್ರತಿ ಫ್ಲಾಸ್ಕಿಗೂ ಒಲೆಯಲ್ಲಿ ಕಾಯಿಸಿ ಒಣಗಿಸಿದ ಹೊಸ ಕಡ್ಡಿ ತೆಗೆದುಕೊಳ್ಳಬೇಕು ಎಂಬುದು ನಿಯಮ. ಅದನ್ನು ನೋಡಿಕೊಳ್ಳುವವನು ನಾನು.

ಒಂದು ಸಂಜೆ ದೊಡ್ಡ ಫ್ಲಾಸ್ಕಿನಲ್ಲಿ ಮೂರು ತಿಂಗಳ ಕೆಲಸವಿತ್ತು. ಸರ್ ಫೋನಿಗೆ ಹೊರಗೆ ಹೋಗಿದ್ದರು. ಐದು ದಾಟಿತ್ತು. ಒಲೆ ಆ ಕೊನೆಯಲ್ಲಿ, ನಾನು ಈ ಕೊನೆಯಲ್ಲಿ. ಕೋಟಿನ ಜೇಬಿನಲ್ಲಿ ಒಂದು ಕಡ್ಡಿ ಇತ್ತು. ಅದರಿಂದಲೇ ಮಧ್ಯಾಹ್ನ ಕೆಟ್ಟುಹೋದ ಒಂದು ಫ್ಲಾಸ್ಕಿನ ಸೂಜಿಗಳನ್ನು ಕೆದಕಿದ್ದೆ. ಅಂಗಿಗೆ ಒರೆಸಿ ಗೀರಿದೆ. ಬಸ್ಸು ಸಿಕ್ಕಿತು.

ಮರುದಿನ ಫ್ಲಾಸ್ಕಿನ ತುಂಬ ಸೂಜಿಗಳಿದ್ದವು.

ಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದರು. ಬಾಯಿ ಫ್ಲಾಸ್ಕನ್ನು ಸರಿಯಾಗಿ ತೊಳೆದಿರಲಿಲ್ಲ ಎಂದು ನಾನು ಹೇಳಿದೆ. ಅವಳ ಕೈ ಸ್ವಚ್ಛವಿಲ್ಲ, ಮೊದಲಿನಿಂದಲೂ ನೋಡುತ್ತಿದ್ದೇನೆ ಎಂದೆ. ಆಕೆ ಯಾವ ಓಣಿಯವಳು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಾನು ಹಾಗೆ ಹೇಳಿದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಆಕೆ ಸರ್ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. “ಅಣ್ಣಾ, ನೀವು ಅಲ್ಲೇ ನಿಂತಿದ್ರಿ. ಮೂರು ಸಲ ತೊಳದೀನಿ ನಾ.”

ಆ ವಾರವೇ ಅವಳನ್ನು ತೆಗೆದರು. ಕೈ ಸ್ವಚ್ಛವಿಲ್ಲ ಎಂಬ ಮಾತು ಅಕ್ಕಪಕ್ಕದ ಘಟಕಗಳಿಗೂ ಹೋಯಿತು. ಅಲ್ಲೂ ಕೆಲಸ ಸಿಗದೆ ಆಕೆ ಖೋಲಿ ಬಿಟ್ಟು ಮುಡಬಿಗೆ ಹೋದಳು ಎಂದು ಕೇಳಿದೆ. ನನಗೆ ಏನೂ ಅನ್ನಿಸಲಿಲ್ಲ. ಸುಳ್ಳಲ್ಲ, ಏನೂ ಅನ್ನಿಸಲಿಲ್ಲ. ಊಟ ಮಾಡುತ್ತಿದ್ದೆ, ಬಸ್ಸು ಹತ್ತುತ್ತಿದ್ದೆ.

ಅಲ್ಲಿಂದ ಮುಂದೆ ನಮ್ಮ ಪ್ರಯೋಗಾಲಯದಲ್ಲಿ ಹಾಳೆಯ ಹರಳು ಹುಟ್ಟಲೇ ಇಲ್ಲ. ಎಷ್ಟು ಸಲ ಮಾಡಿದರೂ ಸೂಜಿ. ಸೂಜಿಯ ಕಣ ಗಾಳಿಯಲ್ಲಿ ಸೇರಿದೆ, ಒಮ್ಮೆ ಸೇರಿದರೆ ಹಳೆಯ ಬಗೆಯನ್ನು ಕೂಡಲು ಬಿಡುವುದಿಲ್ಲ, ಬೇರೆ ಕಡೆಗಳಲ್ಲೂ ಹೀಗೆ ಆಗಿದ್ದುಂಟು ಎಂದು ಸರ್ ಹೇಳಿದರು. ಗೋಡೆ ತೊಳೆಸಿದರು. ಪರದೆ ಸುಟ್ಟರು. ಕಣಗಳು ಕೂದಲಲ್ಲೂ ಕೂರುತ್ತವೆ ಎಂದು ನನ್ನ ಮೀಸೆ ತೆಗೆಸಿದರು, ಮತ್ತೆ ಬೆಳೆಸಲು ಬಿಡಲಿಲ್ಲ. ನಮ್ಮ ಕಡೆ ತಂದೆ ತೀರಿಕೊಂಡರೆ ಮೀಸೆ ತೆಗೆಸುತ್ತಾರೆ. ನನ್ನ ತಂದೆ ಹೋಗಿ ಹತ್ತು ವರ್ಷವಾಗಿತ್ತು. ಓಣಿಯವರು ಬಾಗಿಲಿಗೆ ಬಂದು, ಯಾರು ಹೋದರು ಎಂದು ಮೆಲ್ಲಗೆ ವಿಚಾರಿಸಿದರು.

ಏಳು ತಿಂಗಳು ಕಳೆದ ಮೇಲೆ ಸರ್ ಹೈದರಾಬಾದಿನ ಬೇರೊಂದು ಪ್ರಯೋಗಾಲಯಕ್ಕೆ ಹೋಗಿ, ಅಲ್ಲಿಯೇ ದ್ರಾವಣ ಮಾಡಿ, ಇಂಜೆಕ್ಷನ್ನಿನ ಔಷಧಿ ಬರುತ್ತದಲ್ಲ ಅಂಥ ಸಣ್ಣ ಸೀಸೆಗಳಲ್ಲಿ ತುಂಬಿ, ರಬ್ಬರ್ ಮುಚ್ಚಳದ ಮೇಲೆ ತಗಡಿನ ಟೋಪಿ ಒತ್ತಿ ತಂದರು. ಒಬ್ಬೊಬ್ಬರಿಗೆ ಒಂದು. ಇದನ್ನು ತೆರೆಯಬೇಡಿ, ಇಲ್ಲಿ ಇಡಬೇಡಿ, ಹದಿನೈದು ದಿನ ಮನೆಯಲ್ಲಿಟ್ಟು ದಿನಾ ನೋಡಿ ಎಂದರು. ಏನಾದರೂ ಕೂಡಿದರೆ ದಿನ, ಹೊತ್ತು, ಸ್ಥಳ ಬರೆಯಲು ಒಂದು ರಿಜಿಸ್ಟರ್ ಇಟ್ಟರು. ಇದೂ ಆಗದಿದ್ದರೆ ಆ ಅಣುವಿನ ಕೆಲಸ ಬಿಡಬೇಕಾಗುತ್ತದೆ ಎಂದರು.

ನನ್ನ ಸೀಸೆಯನ್ನು ನಾನು ಮನೆಯಲ್ಲಿಡದೆ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ. ಹನ್ನೊಂದು ದಿನ ಅದು ಕುಡಿಯುವ ನೀರಿನ ಹಾಗೆ ತಿಳಿಯಾಗಿತ್ತು. ದಿನಾ ಅದನ್ನು ಬೆಳಕಿಗೆ ಎತ್ತಿ ನೋಡುವಾಗ ಬಾಯಿಯ ನೆನಪಾಗುತ್ತಿತ್ತು.

ಹನ್ನೆರಡನೆಯ ದಿನ ಭಾನುವಾರ. ಊಟ ಮುಗಿಸಿ, ಮನೆಯಲ್ಲಿ ಸಂತೆಗೆ ಎಂದು ಹೇಳಿ, ಬಸವಕಲ್ಯಾಣದ ನಿಲ್ದಾಣದಲ್ಲಿ ಮುಡಬಿಯ ಆಟೋ ಹತ್ತಿದೆ. ಅವಳ ಮುಂದೆ ನಿಂತು ಕಡ್ಡಿ ನನ್ನದು ಎಂದು ಹೇಳಿಬಿಡಬೇಕು, ಆಮೇಲೆ ಸರ್ ಅವರಿಗೂ ಹೇಳಬೇಕು ಎಂದುಕೊಂಡಿದ್ದೆ. ಆಟೋದಲ್ಲಿ ಹನ್ನೆರಡು ಜನ ಇದ್ದರು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಹೋದೆ. ಅದು ಬೇರೆ ಯಾರದೋ ಮಾತಿನ ಹಾಗಿತ್ತು.

ಆಕೆ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಗೋಣಿಚೀಲ ಹಾಸಿದಳು. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

“ಯಾರು ತೀರಕೊಂಡ್ರು ಅಣ್ಣಾ?”

ಯಾರೂ ಇಲ್ಲ, ಸರ್ ತೆಗೆಸಿದರು ಎಂದೆ. ಅವಳಿಗೆ ನಗು ಬಂತು. “ನನ್ನ ಕೆಲಸ ತೆಗಸಿದ್ರಿ ನೀವು, ನಿಮ್ಮ ಮೀಸಿ ತೆಗಸಿದ್ರು ಅವರು. ಹಿಸಾಬ ಆಯ್ತು ಬಿಡ್ರಿ.” ಸಿಟ್ಟಿನಿಂದ ಹೇಳಿದ್ದಲ್ಲ. ಒಳಗಿನಿಂದ ತಂಬಿಗೆಯಲ್ಲಿ ನೀರು ತಂದು ನನ್ನ ಮುಂದೆ ಇಟ್ಟು, “ಕುಡೀತೀರೋ, ಸುಮ್ಮನ ಇಡ್ಲೋ?” ಎಂದಳು. ನಾನು ಎತ್ತಿ ಕುಡಿದೆ. ಅಷ್ಟು ವರ್ಷ ಒಂದೇ ಕೋಣೆಯಲ್ಲಿ ದುಡಿದರೂ ಅವಳು ಕೊಟ್ಟ ನೀರನ್ನು ನಾನು ಕುಡಿದದ್ದು ಅದೇ ಮೊದಲು.

ಬಗ್ಗಿ ತಂಬಿಗೆ ಇಡುವಾಗ ಜೇಬಿನಿಂದ ಸೀಸೆ ಜಾರಿ ಚೀಲದ ಮೇಲೆ ಬಿತ್ತು. ಆಕೆ ಅದನ್ನು ಎತ್ತಿಕೊಂಡಳು. ಬಾಟಲಿ ತೊಳೆಯುವ ಕೆಲಸಕ್ಕೆ ಈಗ ಯಾರಿದ್ದಾರೆ ಎಂದು ಕೇಳಿದಳು. ಒಬ್ಬ ಹುಡುಗಿ ಇದ್ದಾಳೆ ಎಂದೆ. ಆಕೆ ಸೀಸೆಯ ಕುತ್ತಿಗೆಯನ್ನು ಎರಡು ಬೆರಳಲ್ಲಿ ಹಿಡಿದು, ಹಿಂದೆ ಮಾಡುತ್ತಿದ್ದ ಹಾಗೆಯೇ ಬಿಸಿಲಿಗೆ ಎತ್ತಿದಳು. ಅದರೊಳಗೆ ಏನೂ ಇರಲಿಲ್ಲ. ನಾನೂ ನೋಡುತ್ತಿದ್ದೆ.

ಅವಳು ಅದನ್ನು ಹಾಗೇ ಹಿಡಿದುಕೊಂಡು, ಅದರ ಕಡೆಯೇ ನೋಡುತ್ತ ಕೇಳಿದಳು.

“ಒಂದು ಮಾತು ಕೇಳ್ತೀನಿ, ಖರೆ ಹೇಳ್ರಿ. ಅವತ್ತ ನಾ ತೊಳದಿದ್ದಿಲ್ಲೇನು?”

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ದುಃಖ ಒತ್ತಿಕೊಂಡು ಬಂದು ಹಾಗಾಯಿತು ಎಂದು ಬರೆಯಬಹುದು, ಆದರೆ ಹಾಗಲ್ಲ. ಹಲ್ಲು ಕೀಳುವಾಗ ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹಾಗೆ ಇತ್ತು. ಆಕೆ ಕಾದಳು. ಪಕ್ಕದ ಮನೆಯಲ್ಲಿ ಯಾರೋ ಹಿಟ್ಟಿನ ಡಬ್ಬಿ ಬಡಿಯುತ್ತಿದ್ದರು. ಆಗ, ಅವಳು ಕೈ ಅಲುಗಿಸದೆ ಹಿಡಿದಿದ್ದ ಆ ಮುಚ್ಚಿದ ಸೀಸೆಯ ನಟ್ಟನಡುವೆ ಒಂದು ಸಣ್ಣ ಹೊಳಪು ಕಾಣಿಸಿತು. ಗಾಜಿಗೆ ತಾಗಿರಲಿಲ್ಲ, ತಳದಲ್ಲೂ ಇರಲಿಲ್ಲ. ಅದು ಅಗಲವಾಯಿತು. ಒಂದರ ಹಿಂದೆ ಒಂದು ತೆಳ್ಳನೆಯ ಹಾಳೆಗಳು ಬಿಸಿಲಿಗೆ ಮಿನುಗುತ್ತ, ನಿಧಾನವಾಗಿ ತಿರುಗುತ್ತ ಕೆಳಗೆ ಇಳಿದವು. ನಾನು ಹತ್ತು ಎಣಿಸುವಷ್ಟರಲ್ಲಿ ಸೀಸೆಯ ಕಾಲುಭಾಗ ತುಂಬಿತು.

ಆಕೆ ಗಾಬರಿಯಾಗಲಿಲ್ಲ. “ಕೂತದ ನೋಡ್ರಿ” ಎಂದಳು. ಸೀಸೆಯನ್ನು ನನ್ನ ಅಂಗೈಯಲ್ಲಿಟ್ಟು, ಮೊರ ಎತ್ತಿಕೊಂಡು ಮತ್ತೆ ತೊಗರಿ ಹಸನು ಮಾಡತೊಡಗಿದಳು. ನಾನು ಬರ್ತೀನಿ ಎಂದು ಎದ್ದು ಬಂದೆ. ಅವಳು ತಲೆ ಎತ್ತಲಿಲ್ಲ.

ಸೋಮವಾರ ಸರ್ ಸೀಸೆಯನ್ನು ನೋಡಿ ಕುರ್ಚಿಯ ಮೇಲೆ ಕೂತುಬಿಟ್ಟರು. ತಗಡಿನ ಟೋಪಿಯನ್ನು ಭೂತಗನ್ನಡಿಯಲ್ಲಿ ಸುತ್ತ ಪರೀಕ್ಷಿಸಿದರು. ಅದನ್ನು ಯಾರೂ ಮುಟ್ಟಿರಲಿಲ್ಲ. ಪರೀಕ್ಷೆಗೆ ಕಳಿಸಿದರು. ಹಾಳೆಯ ಬಗೆಯೇ, ಒಂದೂ ಸೂಜಿಯಿಲ್ಲ. ಉಳಿದವರ ಸೀಸೆಗಳೆಲ್ಲ ತಿಳಿಯಾಗಿಯೇ ಉಳಿದವು. ನನ್ನ ಸೀಸೆಯ ಹರಳನ್ನು ಬೀಜವಾಗಿ ಹಾಕಿ ಹೊಸ ಕೋಣೆಯಲ್ಲಿ ಮಾಡಿದಾಗ ಹಾಳೆಗಳು ಬಂದವು, ಆಮೇಲೆ ಬರುತ್ತಲೇ ಇದ್ದವು. ಅಣುವಿನ ಕೆಲಸ ಮುಂದುವರಿಯಿತು. ನನಗೆ ಎಲ್ಲರೆದುರು ಶಾಲು ಹೊದಿಸಿದರು.

ಕೂಡಿದ ಸ್ಥಳ ಯಾವುದು ಎಂದು ಸರ್ ಕೇಳಿದಾಗ, ನಮ್ಮ ಮನೆ ಎಂದೆ. ಮುಡಬಿ ಎಂದರೆ ಅಲ್ಲಿಗೆ ಯಾಕೆ ಹೋಗಿದ್ದೆ ಎಂದು ಹೇಳಬೇಕಿತ್ತು. ಪಾಪ, ಅವರು ನಮ್ಮ ಮನೆಗೆ ನಾಲ್ಕು ಭಾನುವಾರ ಬಂದರು. ಅಡುಗೆಮನೆಯಲ್ಲಿ, ಮಾಳಿಗೆಯಲ್ಲಿ ಸೀಸೆಗಳನ್ನು ಸಾಲಾಗಿ ಇಟ್ಟರು, ಬಾವಿಯ ನೀರನ್ನು ಪರೀಕ್ಷೆಗೆ ಒಯ್ದರು. ಒಂದರಲ್ಲೂ ಏನೂ ಕೂಡಲಿಲ್ಲ. ಮುಚ್ಚಿದ ಸೀಸೆಯಲ್ಲಿ ತಾನಾಗಿ ಹರಳು ಹುಟ್ಟುವುದು ಅಸಾಧ್ಯವಲ್ಲ, ಆದರೆ ಗೀರಿಲ್ಲದೆ, ಧೂಳಿಲ್ಲದೆ, ನಡುನೀರಿನಲ್ಲಿ ಯಾಕೆ ಹುಟ್ಟಿತು, ಹಾಳೆಯೇ ಯಾಕೆ ಹುಟ್ಟಿತು, ಗೊತ್ತಿಲ್ಲ ಎಂದರು. ಆ ಕ್ಷಣವೇ ಯಾಕೆ ಎಂದು ಅವರು ಕೇಳಲಿಲ್ಲ. ಅವರಿಗೆ ಆ ಕ್ಷಣ ಗೊತ್ತಿರಲಿಲ್ಲ.

ಬಿಸಿಲಿನ ಶಾಖಕ್ಕೆ ಆಗಿರಬಹುದು. ಬಿದ್ದ ಪೆಟ್ಟಿಗೆ ಆಗಿರಬಹುದು. ಇವೆಲ್ಲವನ್ನೂ ಯೋಚಿಸಿದ್ದೇನೆ. ಅದೇ ಸೀಸೆ ನನ್ನ ಎದೆಯ ಶಾಖದಲ್ಲಿ, ಬಸ್ಸಿನ ಕುಲುಕಾಟದಲ್ಲಿ ಹನ್ನೊಂದು ದಿನ ಇತ್ತು. ಏನೂ ಆಗಿರಲಿಲ್ಲ. ಆ ಅಣು ಮುಂದೆ ಔಷಧಿಯಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಸರ್ ಬೇರೆ ಊರಿಗೆ ಹೋದರು. ಅವರಿಗೂ ನಾನು ಹೇಳಲಿಲ್ಲ. ಆಕೆ ಇನ್ನೂ ಮುಡಬಿಯಲ್ಲೇ ಇದ್ದಾಳೆ ಎಂದು ಕೇಳಿದ್ದೇನೆ. ಆಟೋ ಈಗಲೂ ಅದೇ ನಿಲ್ದಾಣದಿಂದ ಹೊರಡುತ್ತದೆ. ನಾನು ಹತ್ತಿಲ್ಲ.

ರಿಜಿಸ್ಟರಿನ ಸ್ಥಳದ ಕಾಲಮಿನಲ್ಲಿ ನನ್ನ ಕೈಬರಹದಲ್ಲಿ ಈಗಲೂ ನನ್ನ ಮನೆಯ ವಿಳಾಸವಿರಬೇಕು. ಅಲ್ಲಿ ಬರೆಯಬೇಕಾಗಿದ್ದದ್ದು ಇದು: ಮುಡಬಿ, ಭಾನುವಾರ ಮಧ್ಯಾಹ್ನ, ಶೇವಂತಾಬಾಯಿ ಕಾಂಬಳೆ ಅವರ ಅಂಗಳ, ಅವರ ಬಲಗೈಯಲ್ಲಿ.