ತಂತಿ ಮಾವನ ಹಿತ್ತಲು
ನಮ್ಮ ಪಕ್ಕದ ಮನೆಯ ತಂತಿ ಮಾವನಿಗೆ ಹಿತ್ತಲೆಂದರೆ ತರಕಾರಿ ಬೆಳೆಯುವ ಜಾಗವಲ್ಲ, ರೇಡಿಯೋ ಅಲೆ ಹಿಡಿಯುವ ಜಾಗ. ದೂರದೂರುಗಳ ಹವ್ಯಾಸಿಗಳ ಜೊತೆ ಹರಟಲು ಅವರಿಗೆ ಬೇಕಾದ ಏರಿಯಲ್ ಬೀದಿಯುದ್ದದ್ದು. ಇರುವ ಹಿತ್ತಲೋ, ಮೈಮುರಿದರೆ ಗೋಡೆಗೆ ಕೈ ತಾಗುವಷ್ಟು. ಅದಕ್ಕೇ ಒಂದು ಕಂಬ ನೆಟ್ಟು, ಅದಕ್ಕೆ ಹಿಡಿಸುವಷ್ಟು ತಂತಿ ಏರಿಸಿ, ಮಿಕ್ಕದ್ದನ್ನೆಲ್ಲ ಕಂಬದ ಬುಡದ ಪ್ಲಾಸ್ಟಿಕ್ ಪೈಪಿಗೆ ಸುರುಳಿ ಸುತ್ತಿ, ಒಂದು ಕ್ಲಿಪ್ಪನ್ನು ಸುತ್ತಿನಿಂದ ಸುತ್ತಿಗೆ ಸರಿಸುತ್ತ ರೇಡಿಯೋಗೆ ಶ್ರುತಿ ಕೂಡಿಸುತ್ತಿದ್ದರು. ಊಟಕ್ಕೆ ಕರೆದರೂ "ಇನ್ನೊಂದೇ ಸುತ್ತು", ನೆಂಟರು ಬಂದು ಕೂತರೂ "ಇನ್ನೊಂದೇ ಸುತ್ತು". ಹತ್ತಿರ ಸುಳಿದರೆ ಶ್ರುತಿ ಕೆಡುತ್ತದೆಂದು ಬೆಕ್ಕಿಗೂ ಗಡಿ ಹಾಕಿದ್ದರು. ಅವರ ಹೆಂಡತಿ, ನಮಗೆಲ್ಲ ಅತ್ತೆ, ಈ ಕಟ್ಟಳೆಗಳಿಗೆ ಸೊಪ್ಪು ಹಾಕದೆ ಕಂಬದ ಪಕ್ಕದ ಹಗ್ಗಕ್ಕೇ ಒದ್ದೆ ಹೊದಿಕೆ ಹರವುತ್ತಿದ್ದರು. "ಅಯ್ಯೋ, ಆ ಹೊದಿಕೆ ತೆಗಿಯೇ, ಶ್ರುತಿಯೆಲ್ಲಾ ಕೆಟ್ಟೋಯ್ತು!" "ಬಿಸಿಲು ಬೀಳೋದೇ ಇಲ್ಲಿ. ನಿಮ್ಮ ಕ್ಲಿಪ್ಪೇ ಸರಿಸ್ಕೊಳ್ಳಿ." ಮಾವ ಗೊಣಗುತ್ತ ಸರಿಸಿಕೊಳ್ಳುತ್ತಿದ್ದರು. ಕೊನೆಗೆ ಸಾಕಾಗಿ, ಒದ್ದೆ ಹೊದಿಕೆ ಇದ್ದಾಗ ಶ್ರುತಿ ಹೊಂದುವ ಸುತ್ತಿಗೆ ಕೆಂಪು ಬಣ್ಣ ಬಳಿದು, ಕ್ಲಿಪ್ಪನ್ನು ಅಲ್ಲೇ ಕಚ್ಚಿಸಿಬಿಟ್ಟರು. ಅತ್ತೆ ತೀರಿಕೊಂಡ ಮೇಲೆ ಹಗ್ಗ ಬರಿದಾಯಿತು. ಕೆಂಪು ಸುತ್ತಿನಲ್ಲಿ ಶ್ರುತಿ ಕೂಡದಾಯಿತು. ಕ್ಲಿಪ್ಪನ್ನು ಬೆರಳಗಲ ಸರಿಸಿದ್ದರೆ ಸಾಕಿತ್ತು. ನಾನು ಹಾಗೆ ಹೇಳಿಯೂ ನೋಡಿದೆ. "ಅದು ಅಲ್ಲೇ ಇರ್ಲಿ ಬಿಡಪ್ಪ" ಎಂದರು. ಈಗ ರೇಡಿಯೋ ಹಾಕುವ ಮೊದಲು ಮಾವ, ಒಗೆದು ಮಡಿಸಿಟ್ಟ ಅದೇ ಹೊದಿಕೆಯನ್ನು ಮತ್ತೆ ಬಕೆಟ್ಟಿನ ನೀರಲ್ಲಿ ಅದ್ದಿ, ಹಿಂಡಿ, ಆ ಹಗ್ಗಕ್ಕೆ ಹರವುತ್ತಾರೆ. ಹರವುವಾಗ ಗೊಣಗುವುದನ್ನೂ ಬಿಟ್ಟಿಲ್ಲ.