ದ್ವೀಪದ ಮೊಮ್ಮಗಳು

ಶುಕ್ರವಾರ ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ. ಕೊಲ್ಲಿ ನಾಡಿನ ಕರಾಮ ಬಡಾವಣೆಯ ನಮ್ಮ ಅಡುಗೆಮನೆಯಲ್ಲಿ ನಾನು ನೀರುದೋಸೆಗೆ ಕಾವಲಿ ಕಾಯಿಸುತ್ತಿದ್ದಾಗ ಪಕ್ಕದ ಫ್ಲ್ಯಾಟಿನ ರಫೀಕ್ ಬಾಗಿಲು ತಟ್ಟಿದ. ಉಳ್ಳಾಲದ ಹುಡುಗ, ಯಾವಾಗಲೂ ನಗಿಸುವವನು. ಅಂದು ಮೊಬೈಲಿನ ಪರದೆಯನ್ನು ನನ್ನತ್ತ ಚಾಚಿದ.

"ಅಕ್ಕಾ, ಬ್ರಿಟನ್ನಿನ ಆಫೀಸಿನವರು ಇಲ್ಲ ಅಂದ್ರು. ನಮ್ಮ ಪಾಪು ಮರಿಯಂಗೆ ಅಮ್ಮನ ಪಾಸ್‌ಪೋರ್ಟು ಬರುದಿಲ್ಲಂತೆ."

ಊರಿನಲ್ಲಿ ಮನೆತನ ವಿಚಾರಿಸುವಂತೆ ಇಲ್ಲಿ ನಾವು ಪಾಸ್‌ಪೋರ್ಟಿನ ತೂಕ ವಿಚಾರಿಸುತ್ತೇವೆ, ಓದುಗರೇ. ರಫೀಕನ ಹೆಂಡತಿ ಶರ್ಲೀನಳದು ತೂಕದ ಪಾಸ್‌ಪೋರ್ಟು. ಅವಳ ತಂದೆ ಹುಟ್ಟಿದ್ದು ದೂರದ ಸಮುದ್ರದ ಒಂದು ದ್ವೀಪದಲ್ಲಿ. ಆ ದ್ವೀಪಕ್ಕೆ ಸ್ವಂತ ಸೇನೆಯಿಲ್ಲ, ಆಳುವುದು ಬ್ರಿಟನ್. ಹಡಗಿನ ಕೆಲಸಕ್ಕೆ ಬಂದ ತಂದೆ ಇಲ್ಲೇ ನೆಲೆಸಿದರು, ಶರ್ಲೀನ್ ಶಾರ್ಜಾದಲ್ಲಿ ಹುಟ್ಟಿದಳು. ಇಲ್ಲೇ ಹುಟ್ಟಿದ ಮರಿಯಂಗೂ ಅವಳಮ್ಮನದೇ ಬರುತ್ತದೆಂದು ನಂಬಿ, ಭಾರತದ ಪೌರತ್ವಕ್ಕೆ ನೋಂದಾಯಿಸದೆ ರಫೀಕ್, ಶರ್ಲೀನ್ ಇಬ್ಬರೂ ಕಾದರು. ಆದರೆ ದ್ವೀಪದ ಹೊರಗೆ ಹುಟ್ಟಿದ ಒಂದು ತಲೆಮಾರಿಗೆ ಮಾತ್ರ ಅದು ಸಲ್ಲುತ್ತದೆ. ಎರಡನೆಯದೂ ಹೊರಗೇ ಹುಟ್ಟಿದರೆ ಪೌರತ್ವ ತಾನಾಗಿ ಇಳಿದು ಬರುವುದಿಲ್ಲ. ಇತ್ತ ನಮ್ಮ ದೇಶದ ಕಾನೂನು ವಿದೇಶದಲ್ಲಿ ಹುಟ್ಟಿದ ಮಗುವನ್ನು ವರ್ಷದೊಳಗೆ ನೋಂದಾಯಿಸಲು ಹೇಳುತ್ತದೆ. ತಡವಾದರೆ ದೆಹಲಿಯ ಅನುಮತಿಗೆ ಕಾಯಬೇಕು. ಮರಿಯಂಗೆ ಭಾನುವಾರ ವರ್ಷ ತುಂಬುತ್ತಿತ್ತು. ಶನಿವಾರ, ಭಾನುವಾರ ನಮ್ಮ ದೂತಾವಾಸದ ಕೌಂಟರ್ ಮುಚ್ಚಿರುತ್ತದೆ.

ಒಲೆ ಆರಿಸಿ ಕಾರಿನ ಕೀಲಿ ತೆಗೆದುಕೊಂಡೆ, ರಫೀಕ್ ಮಗುವನ್ನು ಎತ್ತಿಕೊಂಡು ಬಂದ. ಊದ್ ಮೇಥಾದ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಶರ್ಲೀನಳನ್ನು ಗೇಟಿನಿಂದಲೇ ಹತ್ತಿಸಿಕೊಂಡೆವು. ಹತ್ತು ವರ್ಷದ ಸಂಸಾರದಲ್ಲಿ ಅವಳು ಕಲಿತ ಕನ್ನಡ ಅಷ್ಟಿಷ್ಟೇ, ಬೈಯುವುದಕ್ಕೆ ಮಾತ್ರ ಕೊರತೆಯಿಲ್ಲ.

"ಕಾಯುವ, ಕಾಯುವ ಅಂತ ಹೇಳಿದ್ದು ಯಾರು?" ಎಂದು ಗಂಡನತ್ತ ತಿರುಗಿದಳು.

"ದೊಡ್ಡದು ಸಿಗ್ತದೆ ಅಂತ ಮಾರಾಯ್ತಿ. ಈಗ ಸಣ್ಣದೂ ಇಲ್ಲ."

"ಸಣ್ಣದು ಅಂತ ಅಲ್ಲಿ ಕೌಂಟರಲ್ಲಿ ಹೇಳ್ಬೇಡ ಮತ್ತೆ."

ಕನ್ನಡಿಯಲ್ಲಿ ನೋಡಿದೆ. ಭೂಮಿಯ ಯಾವ ದೇಶಕ್ಕೂ ಇನ್ನೂ ಸೇರದ ಒಂದು ಜೀವ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ತನ್ನ ಕಾಲುಬೆರಳನ್ನು ಚೀಪುತ್ತಿತ್ತು. ನನಗೆ ಆಗ ಆದದ್ದು ಭಯವೋ ಬೆರಗೋ, ನೆನೆದಾಗಲೆಲ್ಲ ಕೇಳಿಕೊಳ್ಳುತ್ತೇನೆ.

ಕಾಗದಗಳನ್ನು ಹೊಂದಿಸಿ, ಉದ್ದದ ಸಾಲಿನಲ್ಲಿ ಕಾದು ನಮ್ಮ ಸರದಿ ಬರುವಾಗ ಕೌಂಟರಿನಲ್ಲಿ ಇನ್ನೇನು ಪರದೆ ಎಳೆಯುವ ಹೊತ್ತು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟಿಲ್ಲವೆಂದು ತಂದೆತಾಯಿ ಇಬ್ಬರೂ ಬರೆದುಕೊಡಬೇಕಿತ್ತು. ರಫೀಕ್ ಗೀಚಿದ. ಶರ್ಲೀನ್ ಪೆನ್ನು ಹಿಡಿದು ಹಾಗೇ ಕೂತಳು.

"ಹಾಗಾದ್ರೆ ಪಪ್ಪನ ದ್ವೀಪ ನನ್ನಲ್ಲೇ ಖಲಾಸ್," ಎಂದಳು, ಮೆಲ್ಲಗೆ.

ಯಾರೂ ಅವಸರ ಮಾಡಲಿಲ್ಲ. ಬಾಗಿಲ ಕಾವಲುಗಾರ ಗಡಿಯಾರ ನೋಡಿ ಮುಖ ತಿರುಗಿಸಿಕೊಂಡ. ಅವಳು ಸಹಿ ಹಾಕಿದಳು.

ಆಮೇಲೆ ಆ ದ್ವೀಪವನ್ನು ನಕ್ಷೆಯಲ್ಲಿ ಹುಡುಕಿದೆ, ಬೆರಳಿಟ್ಟರೆ ಮುಚ್ಚಿಹೋಗುವಷ್ಟಿದೆ. ಅಷ್ಟು ಚಿಕ್ಕ ನೆಲದ ಪೌರತ್ವದ ನಿಯಮವನ್ನು ಸಾಗರದಾಚೆಯ ಸಂಸತ್ತು ಬರೆಯುತ್ತದೆ, ಅದರ ಒಂದು ಸಾಲು ಕರಾಮದ ತೊಟ್ಟಿಲನ್ನು ಅಲ್ಲಾಡಿಸುತ್ತದೆ! ಒಂದು ಕಾಲದಲ್ಲಿ ಅಲ್ಲಿ ತಾಯಿಯ ಕಡೆಯಿಂದ ಪೌರತ್ವ ಬರುತ್ತಲೇ ಇರಲಿಲ್ಲವಂತೆ. ಮದುವೆಯಾಗದ ತಂದೆಯ ಕಡೆಯಿಂದಲೂ ಇಲ್ಲ. ಈಚೆಗೆ ಅದನ್ನೆಲ್ಲ ತಿದ್ದಿದ್ದಾರೆ. ಉಳ್ಳಾಲದ ದಡದಲ್ಲಿ ಬಲೆಯ ಹರುಕನ್ನು ಬೆರಳಾಡಿಸಿ ಹುಡುಕಿ ಹೆಣೆಯುವವರನ್ನು ನೋಡಿದ್ದೇನೆ. ಕಾನೂನನ್ನೂ ಹಾಗೆಯೇ ಹೆಣೆಯುತ್ತಾರೆ, ಆದರೆ ಯಾವುದೋ ಮಗು ಜಾರಿದ ಮೇಲೆ. ಎಲ್ಲೂ ಇಲ್ಲದೆ ಉಳಿಯುವ ಕೂಸಿಗೆ ಅಜ್ಜನ ದ್ವೀಪವಾದರೂ ತಾನಾಗಿ ಬಾಗಿಲು ತೆರೆಯಲಿ ಎಂಬ ಒಂದು ಸಾಲನ್ನು ಸೇರಿಸುವುದು ಅಷ್ಟು ಕಷ್ಟವೇ? ಮನುಷ್ಯರು ಬರೆದದ್ದು ತಾನೇ, ಮನುಷ್ಯರೇ ತಿದ್ದಬಲ್ಲರು. ನನಗೆ ಬೆರಗು ಹುಟ್ಟಿಸುವುದೂ ಅದೇ.

ಅರ್ಜಿ ಒಳಗೆ ಹೋದರೂ ಉತ್ತರ ಬರಲು ವಾರಗಳೇ ಹಿಡಿದವು. ಅಷ್ಟು ದಿನವೂ ಮರಿಯಂ ಸಂಜೆಯಾದರೆ ಬಾಯಿ ತೆರೆದು ನಿಶ್ಚಿಂತೆಯಿಂದ ಮಲಗುತ್ತಿದ್ದಳು; ಎದ್ದು ಕೂರುತ್ತಿದ್ದವರು ದೇಶವಿದ್ದ ನಾವು. ಮೊನ್ನೆ ಮಂಗಳವಾರ ಅವಳ ಭಾರತದ ಪಾಸ್‌ಪೋರ್ಟು ಬಂತು. ಅದರ ಫೋಟೋದಲ್ಲೂ ಅವಳಿಗೆ ಅರೆನಿದ್ದೆ. ಅಂದು ರಾತ್ರಿ ಗೋಡೆಯ ಆಚೆ ಅವರಿಬ್ಬರು, ಈಚೆ ನಾನು, ಬೆಳಗಿನವರೆಗೆ ಅವಳಂತೆಯೇ ನಿದ್ದೆ ಹೋದೆವು.