ವಾಚ್ ಮಾಬ್ಲಣ್ಣನ ಕಡಲ ಜಮಖಾನೆ

ಅಂಕೋಲೆ ಪೇಟೆಯ ಅಂಚಿನಲ್ಲಿ ಮನೆಯ ಜಗಲಿಯನ್ನೇ ಅಂಗಡಿ ಮಾಡಿಕೊಂಡು ಗಡಿಯಾರ ರಿಪೇರಿ ಮಾಡುತ್ತಿದ್ದ ಮಹಾಬಲೇಶ್ವರನಿಗೆ, ಊರವರ ಬಾಯಲ್ಲಿ ವಾಚ್ ಮಾಬ್ಲಣ್ಣನಿಗೆ, ಅನುಮಾನವೆಂಬುದು ಕಸುಬಿನಿಂದ ಬಂದ ಗುಣ. ಕೆಟ್ಟ ವಾಚು ತಂದವರು ಕೆಳಗೆ ಬಿದ್ದಿಲ್ಲ, ನೀರು ಹೋಗಿಲ್ಲ ಎಂದು ಆಣೆ ಹಾಕುತ್ತಿದ್ದರು. ಮುಚ್ಚಳ ತೆಗೆದರೆ ಒಳಗೆ ತುಕ್ಕು ಕಾಣುತ್ತಿತ್ತು. ಹೀಗಾಗಿ ಅವನು ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳುತ್ತಿದ್ದ, ಕಂಡಕ್ಟರ್ ಹೇಳಿದ ಮೇಲೂ ಪಕ್ಕದ ಸೀಟಿನವರನ್ನು ಕೇಳುತ್ತಿದ್ದ. ಲೋಕದಲ್ಲಿ ಅವನು ಪರೀಕ್ಷಿಸದೆ ಬಾಯಿಗೆ ಹಾಕುತ್ತಿದ್ದುದು ಒಂದೇ: ತೀರಿಹೋದ ತಾಯಿಯ ತಾಮ್ರದ ಕೊಡದಲ್ಲಿ ರಾತ್ರಿಯಿಡೀ ನಿಂತ ನೀರು.

ಮೊಬೈಲು ಬಂದ ಮೇಲೆ ವಾಚು ಕಟ್ಟುವವರು ಕಡಿಮೆಯಾದರು. ಎರಡು ಸಾವಿರದ ಆರರ ಹೊತ್ತಿಗೆ ಬರಿದಾಗಿದ್ದ ಗಾಜಿನ ಕಪಾಟಿನ ಜಾಗದಲ್ಲಿ ಅವನು ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡ. ಅದಕ್ಕೆ ಸಮುದ್ರದ ನೀರು ತರುತ್ತಿದ್ದವನು ಕಡಲಂಚಿನ ಕೇಣಿ ಊರಿನ ಮೀನುಗಾರ ಮಂಗೇಶ, ಶಾಲೆಯ ಕಾಲದ ಗೆಳೆಯ. ಪ್ರತಿ ಭಾನುವಾರ ಅವನು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ, ಜಗಲಿಯ ಮೇಲೆ ಚಹಾ ಕುಡಿಯುತ್ತಿದ್ದ, ಊರಿನ ಸುದ್ದಿ ಹೇಳುತ್ತಿದ್ದ. ಆ ಹೊತ್ತು ಬಿಟ್ಟರೆ ಹರಟೆಗೆಂದು ಆ ಜಗಲಿ ಹತ್ತುವವರು ಯಾರೂ ಇರಲಿಲ್ಲ. ಹೇಳಿದ ಮಾತನ್ನೆಲ್ಲ ಬಿಚ್ಚಿ ನೋಡುವವನ ಎದುರು ಬಹಳ ಹೊತ್ತು ಕೂರುವುದು ಯಾರಿಗೂ ಸುಲಭವಲ್ಲ.

ಒಂದು ಭಾನುವಾರ ಮಂಗೇಶ ಬಕೆಟ್ಟಿನಲ್ಲಿ ಹಸಿರು ಬಣ್ಣದ ಒಂದು ಮುದ್ದೆ ತಂದ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟಾಗ ಅದು ತಟ್ಟೆಯಷ್ಟಗಲ ಹರಡಿಕೊಂಡಿತು. ಮೈಮೇಲೆಲ್ಲ ಒತ್ತೊತ್ತಾದ ಗಿಡ್ಡ ಎಳೆಗಳು.

"ಕಡಲ ಜಮಖಾನೆ, ಮಾಬ್ಲಣ್ಣ. ಕೈ ಮುಟ್ಟಿದ್ರೆ ಅಂಟ್ಕಂತದೆ."

"ಎಲ್ಲಿ ಸಿಕ್ತು?"

"ಬಂಡೆ ಮೇಲೆ. ಕಿತ್ತು ತಂದೆ."

ಮಾಬ್ಲಣ್ಣ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. ವಾಚಿನ ಬಿಡಿಭಾಗಕ್ಕೆಂದು ಕಾರವಾರಕ್ಕೆ ಹೋದಾಗಲೆಲ್ಲ ಸೈಬರ್ ಕೆಫೆಯಲ್ಲಿ ಕೂತು ಅವನು ಈ ಜೀವಿಗಳ ಬಗ್ಗೆ ಓದಿದ್ದ. ಇದು ಹೂವೂ ಅಲ್ಲ, ಗಿಡವೂ ಅಲ್ಲ. ಕಾರ್ಪೆಟ್ ಅನಿಮೊನಿ ಎಂಬ ಪ್ರಾಣಿ. ಅದರಲ್ಲಿ ಮರಳಿನೊಳಗೆ ಕಾಲೂರುವ ಜಾತಿ ಬೇರೆ, ಬಂಡೆಗೆ ಕಚ್ಚಿಕೊಳ್ಳುವ ಜಾತಿ ಬೇರೆ. ಬಂಡೆಯದಕ್ಕೆ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಗುಳ್ಳೆಗಳಿರುತ್ತವೆ. ಇದರ ಅಡಿಭಾಗ ಮಾಸಲು ಬಿಳಿ. ಕಾಲಿನ ಮಡಿಕೆಯಲ್ಲಿ ಮರಳಿನ ಕಣಗಳು. ಅಂಚಿನಲ್ಲಿ ಏಡಿ ಕಚ್ಚಿದ ಒಂದು ಹಳೆಯ ಕಚ್ಚು ಬಿಟ್ಟರೆ, ಬಂಡೆಯಿಂದ ಕಿತ್ತ ಗಾಯ ಎಲ್ಲಿಯೂ ಇಲ್ಲ.

"ಇದು ಮರಳಿನದು. ಎಂತಕ್ಕೆ ಸುಳ್ಳು ಹೇಳ್ತೀ?"

"ನಿಂಗೆ ಜಮಖಾನೆ ಬೇಕಾ, ಅದ್ರ ಜಾತಕ ಬೇಕಾ?" ಎಂದು ಮಂಗೇಶ ನಕ್ಕ. ಆದರೆ ಎಲ್ಲಿಂದ ತಂದೆ ಎಂದು ಹೇಳಲಿಲ್ಲ.

ಮಾಬ್ಲಣ್ಣ ತೊಟ್ಟಿಯ ತಳಕ್ಕೆ ದಪ್ಪ ಮರಳು ಹಾಸಿದ. ಅನಿಮೊನಿ ಅದರಲ್ಲಿ ಕಾಲೂರಿ ಚೆನ್ನಾಗಿಯೇ ಅರಳಿತು. ಸಿಗಡಿ ಚೂರು ಕೊಟ್ಟರೆ ಅಂಚು ಮಡಚಿ ನುಂಗುತ್ತಿತ್ತು. ಅವನು ಗುರುತಿಸಿದ್ದು ಸರಿಯಾಗಿತ್ತು. ಆದರೆ ಗೆಳೆಯ ಹೇಳಿದ ಆ ಒಂದು ಸುಳ್ಳು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಉಳಿಯಿತು.

ಬೇಸಿಗೆ ಬಂತು. ತೊಟ್ಟಿಯ ನೀರು ಆವಿಯಾಗುತ್ತಿತ್ತು. ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆ ಉಳಿಯುತ್ತದೆ. ಆದ್ದರಿಂದ ಇಳಿದಷ್ಟು ಸಿಹಿನೀರನ್ನೇ ತುಂಬಬೇಕು. ಮಾಬ್ಲಣ್ಣ ದಿನವೂ ತಪ್ಪದೆ ತುಂಬುತ್ತಿದ್ದ. ಆದರೂ ಅನಿಮೊನಿ ಕುಗ್ಗತೊಡಗಿತು. ಬಾಯಿ ಸಡಿಲವಾಗಿ ತೆರೆದುಕೊಂಡಿತು. ಮುಟ್ಟಿದರೆ ಬೆರಳಿಗೆ ಅಂಟಲಿಲ್ಲ. ವಿಚಿತ್ರವೆಂದರೆ ಅದೇ ನೀರಿನಲ್ಲಿ ಪಟ್ಟೆ ಮೀನುಗಳು ಹಾಯಾಗಿ ಈಜುತ್ತಿದ್ದವು. ನೀರು ಕೆಟ್ಟಿದ್ದರೆ ಮೀನೂ ಸಾಯಬೇಕಲ್ಲ? ಹಾಗಾದರೆ ಯಾರೋ ಏನೋ ಮಾಡುತ್ತಿದ್ದಾರೆ.

ಸೊಳ್ಳೆಬತ್ತಿ ಹಚ್ಚಬೇಡವೆಂದು ಹೆಂಡತಿ ವಿನುತಾಳಿಗೆ ತಾಕೀತಾಯಿತು. ಗಿರಾಕಿಗಳು ತೊಟ್ಟಿಯ ಹತ್ತಿರ ಬಂದರೆ ಅವರ ಕೈಯನ್ನೇ ನೋಡುತ್ತಿದ್ದ. ಕೊನೆಗೆ ದೃಷ್ಟಿ ಮಂಗೇಶನ ಕ್ಯಾನಿನ ಮೇಲೆ ನಿಂತಿತು. ಮುಂದಿನ ಭಾನುವಾರ ಇಬ್ಬರು ಗಿರಾಕಿಗಳ ಎದುರೇ ಮುಚ್ಚಳ ತೆಗೆದು ಮೂಸಿದ.

"ಇದು ಬೋಟಿನ ಡೀಸೆಲ್ ಕ್ಯಾನು."

"ನನ್ನ ಬೋಟಿಗೆ ಬೇರೆ ಕ್ಯಾನು ಅದೆ. ಇದು ನೀರಿಂದು."

"ಬಂಡೆ ಮೇಲೆ ಸಿಕ್ತು ಅಂದವ ನೀನೇ ಅಲ್ವಾ?"

ಮಂಗೇಶ ಅರ್ಧ ಕುಡಿದ ಚಹಾದ ಲೋಟ ಕೆಳಗಿಟ್ಟ. ಕ್ಯಾನನ್ನು ಅಲ್ಲಿಯೇ ಬಿಟ್ಟು ಸೈಕಲ್ ಹತ್ತಿದ. ಆಮೇಲಿನ ಭಾನುವಾರಗಳಲ್ಲಿ ಅವನು ಬರಲಿಲ್ಲ. ಮಾಬ್ಲಣ್ಣ ಹೊಸ ಕ್ಯಾನು ಕೊಂಡು ತಾನೇ ನೀರು ಹೊತ್ತು ತಂದ. ಅನಿಮೊನಿ ಇನ್ನೂ ಕುಗ್ಗಿತು.

ಆ ಹೊತ್ತಿಗೆ ತಂಗಿಯ ಆಪರೇಷನ್ನಿಗಾಗಿ ಅವನು ಕಾರವಾರದ ಆಸ್ಪತ್ರೆಯಲ್ಲಿ ಉಳಿಯಬೇಕಾಯಿತು. ಹೊರಡುವ ಮುನ್ನ ತೊಟ್ಟಿಯ ಬಹುಪಾಲು ನೀರು ಬದಲಿಸಿ, ಗಾಜಿನ ಮೇಲೆ ಗೆರೆ ಎಳೆದು, ಅಲ್ಲಿಯವರೆಗೆ ನೀರು ತುಂಬುತ್ತಿರಬೇಕೆಂದು ವಿನುತಾಳಿಗೆ ಹೇಳಿದ.

ವಾರ ಕಳೆದು ಹಿಂತಿರುಗಿ ನೋಡಿದರೆ ಅನಿಮೊನಿ ಅರಳಿತ್ತು. ಮೊದಲಿನಷ್ಟಲ್ಲ, ಅಂಗೈಯಷ್ಟು; ಆದರೆ ಬಾಯಿ ಬಿಗಿದಿತ್ತು, ಬೆರಳಿಗೆ ಅಂಟುತ್ತಿತ್ತು.

"ಮಂಗೇಶ ಬಂದಿದ್ನಾ? ಹಳೇದು ಸತ್ತಿದ್ದಕ್ಕೆ ಹೊಸದು ತಂದಿಟ್ನಾ?"

"ಅಂವ ಈ ಜಗಲಿ ಹತ್ತುಹಾಗೆ ಇಟ್ಟೀರಾ ನೀವು?" ಎಂದಳು ವಿನುತಾ.

ಅವನು ಭೂತಗನ್ನಡಿ ಹಿಡಿದು ಅಂಚನ್ನು ಸುತ್ತ ಹುಡುಕಿದ. ಏಡಿ ಕಚ್ಚಿದ ಹಳೆಯ ಕಚ್ಚು ಅಲ್ಲಿಯೇ ಇತ್ತು. ಅದೇ ಪ್ರಾಣಿ.

"ಹಾಗಾದ್ರೆ ನೀ ಎಂತಾ ಮಾಡ್ದೆ?"

"ನೀರು ಹೊಯ್ದೆ."

"ಕೊಡದಿಂದಾ?"

"ಇಲ್ಲ. ನಿಮ್ಮ ಕೊಡಕ್ಕೆ ಎಲ್ಲಾದ್ರೂ ಒಂದು ತಗ್ಗು ಬಿದ್ರೆ ಆ ಕೇಸು ವರ್ಷಗಟ್ಲೆ ನಡೀತಿತ್ತು. ಬಾವಿ ನೀರು, ಪ್ಲಾಸ್ಟಿಕ್ ಬಕೆಟ್ಟಿಂದ."

ಮಾಬ್ಲಣ್ಣನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತೊಟ್ಟಿಗೆ ಈ ಮನೆಯ ಅತ್ಯಂತ ಶುದ್ಧವಾದ ನೀರೇ ಸಿಗಲಿ ಎಂದು ಅವನು ದಿನವೂ ಬಗ್ಗಿಸಿದ್ದು ತಾಯಿಯ ಕೊಡದಿಂದ. ಆದರೂ ಒಂದು ವಾರದ ಚೇತರಿಕೆ ಪುರಾವೆಯಾಗದು, ಹೊಸ ನೀರಿನಿಂದಲೂ ಹಾಗಾಗಿರಬಹುದು. ಎರಡು ಬಾಟಲಿಗಳಲ್ಲಿ ಸಮುದ್ರದ ನೀರು ತುಂಬಿ, ಒಂದೊಂದರಲ್ಲಿ ಕೆಲವು ಮರಿ ಸಿಗಡಿ ಬಿಟ್ಟು, ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ಅದೇ ಬಾವಿಯಿಂದ ತುಂಬಿಟ್ಟ ಕೊಡದ ನೀರನ್ನು ಅಷ್ಟೇ ಅಳತೆಯಲ್ಲಿ ಸೇರಿಸಿದ. ಬೆಳಿಗ್ಗೆ ಬಾವಿ ನೀರಿನವು ಈಜುತ್ತಿದ್ದವು, ಕೊಡದ ನೀರಿನವು ಸತ್ತು ಮಗ್ಗುಲಾಗಿ ಬಿದ್ದಿದ್ದವು. ಕಾರವಾರಕ್ಕೆ ಹೋಗಿ ಮತ್ತೆ ಓದಿದ. ಪಾತ್ರೆಯಿಂದ ನೀರಿಗಿಳಿದ ತಾಮ್ರ ಮೀನು ತಾಳಿಕೊಳ್ಳುವಷ್ಟೇ ಇದ್ದರೂ ಸಿಗಡಿ, ಅನಿಮೊನಿಯಂಥ ಬೆನ್ನೆಲುಬಿಲ್ಲದ ಜೀವಿಗಳಿಗೆ ವಿಷ. ಆ ಪುಟಗಳನ್ನು ಅವನು ಹಿಂದೆಯೂ ತೆರೆದಿದ್ದ. ಮಂಗೇಶನ ಸುಳ್ಳನ್ನು ಹಿಡಿಯಲು ಬೇಕಾದಷ್ಟನ್ನು ಮಾತ್ರ ಓದಿ ಎದ್ದಿದ್ದ.

ಮರುದಿನ ಹಳೆಯ ಕ್ಯಾನು ಹಿಡಿದು ಕೇಣಿಗೆ ನಡೆದ. ಮಂಗೇಶ ದಡದಲ್ಲಿ ಬಲೆ ಹೊಲಿಯುತ್ತಿದ್ದ, ತಲೆ ಎತ್ತಲಿಲ್ಲ.

"ಕ್ಯಾನು ತಂದೆ. ನಿನ್ನ ನೀರಿನ ತಪ್ಪಲ್ಲ. ಅವ್ವಿಯ ಕೊಡದ್ದು."

"ಸತ್ತವರ ಮೇಲೂ ಅನುಮಾನ ಬಂತಾ ನಿಂಗೆ?"

"ಅದೊಂದೇ ಬಾಕಿ ಇತ್ತು."

ಮಂಗೇಶ ದಾರವನ್ನು ಹಲ್ಲಿನಿಂದ ಕಡಿದ. "ಮರಳಿಂದೇ ಹೌದು ಅದು. ಏಡಿ ಸಿಗುವ ಜಾಗ. ನಿಂಗೆ ಹೇಳಿದ್ರೆ ಖರೆ ಹೌದಾ ಅಂತ ನೀ ನಾಲ್ಕು ಜನರ ಹತ್ರ ಕೇಳ್ತೀ. ಆಮೇಲೆ ನಂಗೆಲ್ಲಿ ಏಡಿ?"

ಮಾಬ್ಲಣ್ಣ ಯೋಚಿಸಿದ. ತಾನು ಕೇಳಿಯೇ ಕೇಳುತ್ತಿದ್ದೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಭಾನುವಾರ ಸೈಕಲ್ ಜಗಲಿಯ ಮುಂದೆ ನಿಂತಿತು. ಮಂಗೇಶ ಕ್ಯಾನು ಇಳಿಸುವ ಹೊತ್ತಿಗೆ ವಿನುತಾ ಕುಡಿಯಲು ನೀರು ತಂದಳು. ಅವನು ಲೋಟವನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಕೇಳಿದ:

"ವೈನಿ, ಇದು ಕೊಡದ್ದಾ ಬಕೆಟ್ಟಿಂದಾ?"

ಉತ್ತರಕ್ಕೆ ಕಾಯುತ್ತ ಅವನು ಹಿಂದಕ್ಕೆ ತಿರುಗಿದ. ಅಲ್ಲಿ ಮಾಬ್ಲಣ್ಣ ಕ್ಯಾನಿನ ಮುಚ್ಚಳ ತೆಗೆದು ಮೂಗನ್ನು ಹತ್ತಿರ ಒಯ್ದವನು, ಗೆಳೆಯ ನೋಡಿದ್ದು ತಿಳಿದು ಹಾಗೆಯೇ ಬಗ್ಗಿ ನಿಂತಿದ್ದ.

"ಮೂಸು, ಮೂಸು," ಎಂದ ಮಂಗೇಶ. "ನಾ ಕಾಯ್ತೆ."